ಕೋವಿಯ ನಳಿಗೆ: ಸಲಕರಣೆಯ ಆಯ್ಕೆ ಮತ್ತು ಶುಚಿ ಮಾಡುವ ಕ್ರಮ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೂ ಕೋವಿಗೂ ಏನು ಸಂಬಂಧವೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾವು ಸಿಪಾಯಿಗಳಲ್ಲ, ಬೇಟೆಗಾರರೂ ಅಲ್ಲ. ಶಾಲೆಯಲ್ಲಿದ್ದಾಗ ಎನ್.ಸಿ.ಸಿ.ಯಲ್ಲಿ ಕಲಿತದ್ದು ಸ್ವಲ್ಪ, ಗಿರಣಿಯ ಗೇಟಿನಲ್ಲಿ ಕಾವಲಿಗಿರುವ ನಿವೃತ್ತ ಹವಾಲ್ದಾರರ ಪಕ್ಕದಲ್ಲಿ ಕುಳಿತು ಕೇಳಿ ತಿಳಿದದ್ದು ಸ್ವಲ್ಪ, ಉಳಿದದ್ದು ಪುಸ್ತಕಗಳಿಂದ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಬಾಗಿಲಲ್ಲಿ, ಹಣ ಸಾಗಿಸುವ ಗಾಡಿಯಲ್ಲಿ, ಕಾರಖಾನೆಯ ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುವವರಿದ್ದಾರೆ. ಊರಿನಲ್ಲಿ ಬೆಳೆ ರಕ್ಷಣೆಗಾಗಿ ಲೈಸೆನ್ಸಿನ ಕೋವಿ ಇಟ್ಟುಕೊಂಡ ಮನೆತನದವರಿದ್ದಾರೆ. ಕೊಡಗಿನಿಂದ ಬಂದ ಸ್ನೇಹಿತರಂತೂ ಕೋವಿಯಿರುವ ಮನೆಗಳಲ್ಲೇ ಹುಟ್ಟಿ ಬೆಳೆದವರು. ನಮ್ಮ ಮಕ್ಕಳಲ್ಲಿ ಕೆಲವರು ಎನ್.ಸಿ.ಸಿ.ಗೆ ಸೇರಿ ಮೊದಲ ಸಲ ರೈಫಲ್ ಮುಟ್ಟುತ್ತಿದ್ದಾರೆ.

ಇವರೆಲ್ಲರ ಮುಂದೆ ಒಂದೇ ಮಾತನ್ನು ಇಡಬಯಸುತ್ತೇವೆ. ನಳಿಗೆಯೊಳಗೆ ಕೂತಿರುವ ಕೊಳೆ ಯಾವ ಜಾತಿಯದೆಂದು ಮೊದಲು ತಿಳಿಯಬೇಕು. ಆಮೇಲೆ ಆ ಕೊಳೆಯನ್ನು ಕರಗಿಸುವ ದ್ರವವನ್ನೂ, ಉಕ್ಕಿಗಿಂತ ಮೆದುವಾದ ಸಲಕರಣೆಯನ್ನೂ ಆರಿಸಬೇಕು. ಇದನ್ನು ತಿಳಿಯದೆ ರಟ್ಟೆಯ ಬಲದಿಂದ ಉಜ್ಜುವವನು, ಒರೆಸದೆ ಮೂಲೆಗೆ ಒರಗಿಸಿದವನಷ್ಟೇ ನಷ್ಟ ಮಾಡಿಕೊಳ್ಳುತ್ತಾನೆ. ಕಾವಲುಗಾರನಿಗೆ ಕೋವಿ ಅನ್ನದ ದಾರಿ. ಹಳ್ಳಿಯ ಮನೆಗೆ ಅದು ಅಜ್ಜನ ಕಾಲದ ಆಸ್ತಿ. ನಳಿಗೆಯಲ್ಲಿ ಒಂದು ತುಂಡು ಬಟ್ಟೆ ಸಿಕ್ಕಿಕೊಂಡಿದ್ದರೆ ಅದು ಜೀವದ ಪ್ರಶ್ನೆಯೂ ಆಗುತ್ತದೆ.

ಜೀವದ ಮಾತನ್ನೇ ಮೊದಲು ಹೇಳಿಬಿಡುತ್ತೇವೆ. “ಕೋವಿ ಖಾಲಿ ಇದೆ” ಎಂದು ಯಾರೇ ಹೇಳಲಿ, ನಂಬಬಾರದು. ಒರೆಸಲು ಕೂರುವ ಮುನ್ನ ತೋಟಾಗಳೆಲ್ಲ ಬೇರೆ ಕೋಣೆಗೆ ಹೋಗಬೇಕು. ನಳಿಗೆಯ ಬಾಯಿ ಜನರಿಲ್ಲದ ಕಡೆಗೆ ತಿರುಗಿರಬೇಕು. ಮ್ಯಾಗಜೀನ್ ಇದ್ದರೆ ಅದನ್ನು ಮೊದಲು ತೆಗೆದು, ಆಮೇಲೆ ಬೋಲ್ಟ್ ಎಳೆದು, ತೋಟಾ ಕೂರುವ ಮನೆಯನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ಹನ್ನೆರಡು ಬೋರಿನ ಜೋಡಿನಳಿಗೆ ಬಂದೂಕಾದರೆ ಮಡಿಸಿ ತೆರೆದಾಗ ಎರಡು ನಳಿಗೆಗಳಲ್ಲೂ ಬೆಳಕು ಆರಪಾರ ಕಾಣಬೇಕು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹೀಗೆ ನೋಡಲು ಬಾರದು. ಅದಕ್ಕೆ ಹಳಬರ ಉಪಾಯವೊಂದಿದೆ. ಮೊದಲು ಕೇಪನ್ನು ತೆಗೆಯಬೇಕು. ಮುಖವನ್ನೂ ಕೈಯನ್ನೂ ನಳಿಗೆಯ ನೇರಕ್ಕೆ ತಾರದೆ ಸರಳನ್ನು ಮೆಲ್ಲನೆ ಒಳಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆಯಬೇಕು. ಅದೇ ಸರಳನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆದಾಗ ಅದರ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ಕೋವಿ ಖಾಲಿ. ನಾಲ್ಕಾರು ಬೆರಳು ಮೊದಲೇ ನಿಂತರೆ ಒಳಗೆ ಮದ್ದುಗುಂಡು ಇದೆಯೆಂದು ತಿಳಿಯಬೇಕು. ಎಷ್ಟೋ ವರ್ಷ ಅಟ್ಟದ ಮೇಲಿದ್ದ ಕೋವಿಯಲ್ಲೂ ಮದ್ದು ಜೀವಂತವಿರಬಹುದು. ಅಂಥದನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಗೇ ಒಪ್ಪಿಸಬೇಕು, ಮನೆಯಲ್ಲಿ ಕೆದಕಬಾರದು.

ಈಗ ನಳಿಗೆಯ ಒಳಗನ್ನು ನೋಡೋಣ. ಹನ್ನೆರಡು ಬೋರಿನ ನಳಿಗೆ ಒಳಗೆ ಕನ್ನಡಿಯಂತೆ ನುಣುಪು. ರೈಫಲಿನ ನಳಿಗೆ ಹಾಗಲ್ಲ; ಅದರ ಒಳಮೈಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುವುದರಿಂದಲೇ ನೇರ ಹೋಗುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಇದ್ದ ಥ್ರೀ ನಾಟ್ ಥ್ರೀ ರೈಫಲನ್ನೇ ತೆಗೆದುಕೊಳ್ಳಿ. 1907ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಈ ಮಾದರಿಯನ್ನು ಬಂಗಾಳದ ಇಶಾಪುರದ ಕಾರಖಾನೆಯಲ್ಲೂ ಮಾಡುತ್ತಿದ್ದರು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. ಅದರ ನಳಿಗೆಯ ಉದ್ದ ಸುಮಾರು 25 ಇಂಚು. ಒಳಗೆ ಐದು ಗೆರೆ. ಪ್ರತಿ 10 ಇಂಚಿಗೆ ಗುಂಡು ಒಂದು ಸುತ್ತು. ಗುಂಡು ಕೊನೆಯದಾಗಿ ಮುಟ್ಟಿ ಬಿಡುವ ಜಾಗ ನಳಿಗೆಯ ಬಾಯಿಯ ಅಂಚು. ಆ ಅಂಚು ಒಂದು ಕಡೆ ಸವೆದರೆ ಹಿಂದಿನಿಂದ ನುಗ್ಗುವ ಹೊಗೆ ಆ ಕಡೆಯಿಂದ ಮೊದಲು ಹೊರಗೆ ಹಾರಿ ಗುಂಡಿನ ಬುಡವನ್ನು ತಳ್ಳುತ್ತದೆ, ಗುರಿ ತಪ್ಪುತ್ತದೆ. ಈ ಅಂಚನ್ನು ನೆನಪಿನಲ್ಲಿಡಿ. ಸಲಕರಣೆ ಆರಿಸುವಾಗ ಮತ್ತೆ ಬೇಕಾಗುತ್ತದೆ.

ನಳಿಗೆಯ ಕೊಳೆ ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. 1857ರ ದಂಗೆಗೆ ಕಿಡಿ ತಾಗಿಸಿದ ಕೊಬ್ಬು ಸವರಿದ ತೋಟಾದ ಕಥೆ ನಮಗೆಲ್ಲ ಗೊತ್ತು. ಆ ಕೊಬ್ಬನ್ನು ಏತಕ್ಕೆ ಸವರುತ್ತಿದ್ದರು? ಎನ್‌ಫೀಲ್ಡ್ ರೈಫಲನ್ನು ಬಾಯಿಯಿಂದ ತುಂಬಬೇಕಾಗಿತ್ತು. ಕರಿಮದ್ದಿನ ಮಸಿ ಒಳಗೆ ಗಟ್ಟಿ ಕಟ್ಟಿದರೆ ಮುಂದಿನ ಗುಂಡು ಇಳಿಯುತ್ತಿರಲಿಲ್ಲ. ಗುಂಡು ಜಾರಿ ಇಳಿಯಲಿ, ಮಸಿ ಮೆತ್ತಗಿರಲಿ ಎಂದು ಕೊಬ್ಬು. ಆಮೇಲೆ 1888ರಲ್ಲಿ ಬಂದ ಲೀ ಮೆಟ್‌ಫರ್ಡ್ ರೈಫಲಿನಲ್ಲಿ ಮಸಿ ಕೂರದಿರಲೆಂದೇ ಆಳವಿಲ್ಲದ, ಮೂಲೆಗಳಿಲ್ಲದ ಗೆರೆ ಕೊರೆದರು. ಕರಿಮದ್ದು ಹೋಗಿ ಹೆಚ್ಚು ಬಿಸಿಯ ಕಾರ್ಡೈಟ್ ಮದ್ದು ಬಂದಾಗ ಆ ಗೆರೆಗಳು ಬೇಗ ಸವೆದವು. 1895ರಲ್ಲಿ ಆಳವಾದ ಬೇರೆ ಗೆರೆ ಕೊರೆದು ಲೀ ಎನ್‌ಫೀಲ್ಡ್ ಎಂದು ಹೆಸರಿಟ್ಟರು. ಮದ್ದು ಬದಲಾದಂತೆ ಕೊಳೆಯೂ ಬದಲಾಗುತ್ತದೆ, ನಳಿಗೆಯ ಸಂಕಟವೂ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಹಾಗಾದರೆ ಕೊಳೆಯ ಜಾತಿಗಳು ಎಷ್ಟು? ನಮ್ಮ ಕೆಲಸಕ್ಕೆ ನಾಲ್ಕು ಎಂದು ಎಣಿಸಿದರೆ ಸಾಕು.

ಒಂದನೆಯದು ಮದ್ದಿನ ಮಸಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಕೂಡಿದ ಕರಿಮದ್ದು ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಕಸವಾಗಿಯೇ ಉಳಿಯುತ್ತದೆ. ಈ ಕಸ ನೀರಿನಲ್ಲಿ ಸುಲಭವಾಗಿ ಬಿಡುತ್ತದೆ. ಆದ್ದರಿಂದ ಕೇಪಿನ ಕೋವಿಗೆ ಬಿಸಿನೀರು, ಸ್ವಲ್ಪ ಸಾಬೂನು ಇವೇ ಉತ್ತಮ ಔಷಧ. ಈಗಿನ ಹೊಗೆ ಕಡಿಮೆಯ ಮದ್ದಿನ ಮಸಿ ಬೇರೆ. ಅದು ಇದ್ದಿಲಿನಂತೆ ಅಂಟಿಕೊಳ್ಳುತ್ತದೆ. ಅದಕ್ಕೆಂದೇ ಮಾರುವ ಬೋರ್ ಕ್ಲೀನರ್ ದ್ರವಕ್ಕೆ ಮೆತ್ತಗಾಗುತ್ತದೆ.

ಎರಡನೆಯದು ಉಪ್ಪು. ಹಳೆಯ ಸೈನ್ಯದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗಿ ನಳಿಗೆಗೆ ಹತ್ತುತ್ತದೆ. ಅಡಿಗೆಯುಪ್ಪಿನ ದಾಯಾದಿ ಇದು. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವಂತೆ ಇದೂ ಗಾಳಿಯ ತೇವವನ್ನು ಹೀರಿ ಒಂದೆರಡು ದಿನದಲ್ಲೇ ತುಕ್ಕು ಎಬ್ಬಿಸುತ್ತದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಎಣ್ಣೆ ಸವರಿದರೆ ಸಾಕೆಂದು ತಿಳಿಯುತ್ತಾರೆ. ತಾವು ಮನೆಗೆ ಹೋಗಿ ಒಂದು ಬಟ್ಟಲಲ್ಲಿ ಎಣ್ಣೆ, ಇನ್ನೊಂದರಲ್ಲಿ ನೀರು ಇಟ್ಟು ಎರಡಕ್ಕೂ ಚಿಟಿಕೆ ಉಪ್ಪು ಹಾಕಿ ನೋಡಿ. ನೀರಿನಲ್ಲಿ ಉಪ್ಪು ಕರಗುತ್ತದೆ, ಎಣ್ಣೆಯಲ್ಲಿ ಹಾಗೇ ತಳದಲ್ಲಿ ಕೂರುತ್ತದೆ. ಎಣ್ಣೆ ಸವರಿದ ನಳಿಗೆಯಲ್ಲೂ ಹಾಗೆಯೇ. ಉಪ್ಪು ಎಣ್ಣೆಯ ಕೆಳಗೆ ಅಡಗಿ ತನ್ನ ಕೆಲಸ ಮುಂದುವರಿಸುತ್ತದೆ. ಇದನ್ನರಿತೇ ಬ್ರಿಟಿಷ್ ಸೈನ್ಯದವರು ಥ್ರೀ ನಾಟ್ ಥ್ರೀಯಿಂದ ಗುಂಡು ಹೊಡೆದ ದಿನವೇ ಹಿಂಬದಿಯಿಂದ ಆಲಿಕೆ ಇಟ್ಟು ಎರಡು ಮೂರು ಲೀಟರಿನಷ್ಟು ಕುದಿಯುವ ನೀರು ಹೊಯ್ಯುತ್ತಿದ್ದರು. ಕುದಿನೀರಿನಿಂದ ಎರಡು ಲಾಭ: ಉಪ್ಪು ಕರಗುತ್ತದೆ; ನಳಿಗೆ ಬಿಸಿಯಾಗಿ ತಾನೇ ಬೇಗ ಆರುತ್ತದೆ. ಈಗಿನ ಬಹುಪಾಲು ತೋಟಾಗಳಲ್ಲಿ ಉಪ್ಪು ಬಿಡದ ಕೇಪು ಇರುತ್ತದೆ. ಆದರೆ ತೋಟಾ ಯಾವ ಕಾಲದ್ದೆಂದು ತಿಳಿಯದಿದ್ದರೆ ಉಪ್ಪು ಇದೆಯೆಂದೇ ಎಣಿಸುವುದು ಜಾಣತನ.

ಮೂರನೆಯದು ಲೋಹ. ರೈಫಲಿನ ಗುಂಡಿಗೆ ತಾಮ್ರ ಬೆರೆತ ಲೋಹದ ಹೊದಿಕೆ ಇರುತ್ತದೆ. ಅದು ಸವೆದು ಗೆರೆಗಳಿಗೆ ಮೆತ್ತಿಕೊಳ್ಳುತ್ತದೆ. ಬಾಯಿಯ ಹತ್ತಿರ ಬೆಳಕು ಹಿಡಿದು ನೋಡಿದರೆ ತಾಮ್ರದ ಬಣ್ಣದ ಪಟ್ಟೆ ಕಾಣುತ್ತದೆ. ಇದನ್ನು ಕರಗಿಸಲು ಅಮೋನಿಯ ಬೆರೆತ ದ್ರವ ಬೇಕು; ಬಟ್ಟೆ ನೀಲಿಯಾಗಿ ಹೊರಬಂದರೆ ತಾಮ್ರ ಕರಗುತ್ತಿದೆ ಎಂದು ಅರ್ಥ. ಇದರ ಹೊಗೆ ಕಣ್ಣು ಮೂಗಿಗೆ ಕೆಟ್ಟದ್ದು, ಕಿಟಕಿ ತೆರೆದಿರಬೇಕು. ಬಾಟಲಿಯ ಮೇಲೆ ಬರೆದ ಹೊತ್ತಿಗಿಂತ ಹೆಚ್ಚು ಕಾಲ ನಳಿಗೆಯಲ್ಲಿ ಬಿಡಬಾರದು. ಹನ್ನೆರಡು ಬೋರಿನ ನಳಿಗೆಯಲ್ಲಿ ತಾಮ್ರವಿಲ್ಲ. ಚರೆಗಳ ಸೀಸದ ಗೀರು, ತೋಟಾದೊಳಗಿನ ಪ್ಲಾಸ್ಟಿಕ್ ಬಟ್ಟಲು ಬಿಟ್ಟ ಪೊರೆ ಇರುತ್ತವೆ. ಅವಕ್ಕೆ ದ್ರವದಲ್ಲಿ ನೆನೆಸಿದ ಕಂಚಿನ ಬ್ರಷ್ ಸಾಕು.

ನಾಲ್ಕನೆಯದು ತುಕ್ಕು. ಮೊದಲ ಮೂರು ಕೊಳೆ ಹೊರಗಿನಿಂದ ಬಂದು ಕೂತವು. ತುಕ್ಕು ಉಕ್ಕನ್ನೇ ತಿಂದು ಹುಟ್ಟಿದ್ದು. ತುಕ್ಕನ್ನು ತೆಗೆಯಬಹುದು, ಅದು ತೋಡಿದ ಗುಳಿಯನ್ನು ಯಾರೂ ತುಂಬಲಾರರು. ಆ ಗುಳಿಯಲ್ಲಿ ಮುಂದಿನ ಸಲ ಇನ್ನಷ್ಟು ಕೊಳೆ ಕೂರುತ್ತದೆ. ಸಾಲದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಚಕ್ರಬಡ್ಡಿ ಬೆಳೆದ ಹಾಗೆ.

ಇದನ್ನು ದೊಡ್ಡ ದೇಶವೊಂದು ಜೀವ ತೆತ್ತು ಕಲಿಯಬೇಕಾಯಿತು. 1960ರ ದಶಕದಲ್ಲಿ ಅಮೆರಿಕದವರು ವಿಯೆಟ್ನಾಂ ಯುದ್ಧಕ್ಕೆ ಎಂ-16 ಎಂಬ ಹೊಸ ರೈಫಲ್ ಕಳಿಸಿದರು. ಇದಕ್ಕೆ ಒರೆಸುವ ಗೋಜು ಕಡಿಮೆ ಎಂಬ ಭಾವನೆ ಹರಡಿತ್ತು. ಸಾಕಷ್ಟು ಸಲಕರಣೆಯನ್ನೂ ಕೊಡಲಿಲ್ಲ, ಸರಿಯಾಗಿ ಕಲಿಸಲೂ ಇಲ್ಲ. ನಡುವೆ ತೋಟಾದ ಮದ್ದನ್ನು ಬದಲಾಯಿಸಿದ್ದರಿಂದ ಮಸಿ ಹೆಚ್ಚಾಯಿತು. ಆ ನಾಡಿನ ಮಳೆ, ತೇವಕ್ಕೆ ತೋಟಾ ಕೂರುವ ಮನೆ ತುಕ್ಕು ಹಿಡಿಯಿತು. ಹೊಡೆದ ತೋಟಾದ ಚಿಪ್ಪು ಒಳಗೇ ಸಿಕ್ಕಿಕೊಳ್ಳತೊಡಗಿತು. ಶತ್ರುವಿನ ಎದುರಿಗೆ ಸಿಪಾಯಿಗಳು ಬಾಯಿಯಿಂದ ಸರಳು ತೂರಿಸಿ ಚಿಪ್ಪನ್ನು ತಳ್ಳುತ್ತಾ ಸತ್ತರು. 1967ರಲ್ಲಿ ಅಲ್ಲಿಯ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ ಸೈನ್ಯದ ಆಡಳಿತವನ್ನು ಕಟುವಾಗಿ ಟೀಕಿಸಿತು. ಆಮೇಲೆ ತೋಟಾದ ಮನೆಗೆ ಕ್ರೋಮಿಯಂ ಲೇಪ ಬಂತು, ಒರೆಸುವ ಸಲಕರಣೆ ಬಂತು; ವಿಲ್ ಐಸ್ನರ್ ಎಂಬ ಹೆಸರಾಂತ ಚಿತ್ರಗಾರನಿಂದ ಬರೆಯಿಸಿದ ಚಿತ್ರಕಥೆಯ ಕೈಪಿಡಿಯೂ ಬಂತು. ಮದ್ದು, ಕೋವಿ, ಹವೆ ಮೂರನ್ನೂ ಕೂಡಿಸಿ ಲೆಕ್ಕ ಹಾಕದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇನ್ನು ಸಲಕರಣೆ. ಹಣ ಕಡಿಮೆಯಿರುವ ನಮ್ಮಂಥವರು ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ ಎಂಬುದನ್ನೇ ಹೇಳುತ್ತೇವೆ.

ಖರ್ಚು ಮಾಡಬೇಕಾದದ್ದು ಕ್ಲೀನಿಂಗ್ ರಾಡಿಗೆ. ಅದು ಒಂದೇ ತುಂಡಾಗಿರಬೇಕು, ನೇರವಾಗಿರಬೇಕು, ಹಿಡಿ ಸಲೀಸಾಗಿ ತಿರುಗುವಂತಿರಬೇಕು. ಗೆರೆಯ ಸುರುಳಿಯ ಜೊತೆ ರಾಡು ತಾನೂ ತಿರುಗಬೇಕಲ್ಲವೆ? ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡು ಅಗ್ಗ. ಆದರೆ ಅದು ಬಳುಕುತ್ತದೆ, ಜೋಡಿಸಿದ ಜಾಗದ ಅಂಚು ನಳಿಗೆಗೆ ಕೆರೆಯುತ್ತದೆ. ಮೆದು ಲೋಹವಾದ್ದರಿಂದ ಮರಳಿನ ಕಣಗಳು ಅದರ ಮೈಯಲ್ಲಿ ಕಚ್ಚಿಕೊಂಡು ಅರದಂತೆ ವರ್ತಿಸುತ್ತವೆ. ಉಕ್ಕಿನ ರಾಡು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವ ರಾಡು, ಕಾರ್ಬನ್ ಫೈಬರ್ ರಾಡು ಯಾವುದಾದರೂ ಸರಿ. ಪ್ರತಿ ಸಲ ಹೊರತೆಗೆದಾಗ ಮೈ ಒರೆಸಿದರೆ ಬಹುಕಾಲ ಬಾಳುತ್ತದೆ.

ಎನ್.ಸಿ.ಸಿ.ಯವರಿಗೆ, ಸೈನ್ಯದವರಿಗೆ ಪರಿಚಯವಿರುವುದು ಪುಲ್‌ಥ್ರೂ. ಒಂದು ತುದಿಯಲ್ಲಿ ಹಿತ್ತಾಳೆಯ ಗುಂಡು, ಇನ್ನೊಂದು ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಕುಣಿಕೆ ಇರುವ ಹಗ್ಗ ಅದು. ಥ್ರೀ ನಾಟ್ ಥ್ರೀಯ ಹಿಡಿಯೊಳಗಿನ ಗೂಡಿನಲ್ಲಿ ಎಣ್ಣೆಯ ಬುಡ್ಡಿಯ ಜೊತೆ ಅದೂ ಇರುತ್ತಿತ್ತು. ಒಣಗಿಸಲು 4 ಇಂಚಿಗೆ 2 ಇಂಚು ಚಿಂದಿ, ಎಣ್ಣೆ ಸವರಲು 4 ಇಂಚಿಗೆ ಒಂದೂವರೆ ಇಂಚು ಚಿಂದಿ. ಮೈದಾನದಲ್ಲಿ ಇದಕ್ಕಿಂತ ಅನುಕೂಲವಾದ ವಸ್ತುವಿಲ್ಲ. ಆದರೆ ಹಗ್ಗವನ್ನು ಓರೆಯಾಗಿ ಎಳೆದರೆ ಅದು ನಳಿಗೆಯ ಬಾಯಿಯ ಒಂದೇ ಜಾಗವನ್ನು ಉಜ್ಜುತ್ತದೆ. ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ಸವೆಸಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಹೇಳಿದ ಅಂಚು ಹಾಳಾಗುವುದು ಹೀಗೆ. ಆದ್ದರಿಂದ ಹಗ್ಗವನ್ನು ನಳಿಗೆಯ ನೇರಕ್ಕೆ ಹಿಡಿದು, ತಡೆಯದೆ ಒಂದೇ ಎಳೆತಕ್ಕೆ ಎಳೆಯಬೇಕು.

ರಾಡಿನ ತುದಿಗೆ ಬಟ್ಟೆ ಹಿಡಿಯುವ ಹಿತ್ತಾಳೆಯ ಜ್ಯಾಗ್ ಒಂದು, ಕಂಚಿನ ಬ್ರಷ್ ಒಂದು ಬೇಕು. ಎರಡೂ ತಮ್ಮ ಕೋವಿಯ ಬೋರಿನ ಅಳತೆಯವೇ ಆಗಿರಬೇಕು. ಅಮೋನಿಯ ಬಳಸುವಾಗ ಕಂಚಿನ ಬ್ರಷ್ ಬೇಡ, ನೈಲಾನ್ ಬ್ರಷ್ ಇರಲಿ. ಇಲ್ಲವಾದರೆ ದ್ರವ ಬ್ರಷ್ಷನ್ನೇ ತಿಂದು ಬಟ್ಟೆಯನ್ನು ನೀಲಿ ಮಾಡುತ್ತದೆ; ತಾಮ್ರ ಇನ್ನೂ ಉಳಿದಿದೆಯೆಂದು ನಾವು ಉಜ್ಜುತ್ತಲೇ ಇರುತ್ತೇವೆ.

ಖರ್ಚು ಬೇಡವಾದದ್ದು ಬಟ್ಟೆಗೆ. ಒಗೆದು ಮೆತ್ತಗಾದ ಹಳೆಯ ಹತ್ತಿಯ ಬನಿಯನ್, ಫ್ಲಾನೆಲ್ ಚೂರು ಸಾಕು. ಆದರೆ ಗಿರಣಿಯಲ್ಲಿ ಮಗ್ಗ ಒರೆಸಲು ಕೊಡುವ ಹತ್ತಿಯ ವೇಸ್ಟ್ ಬೇಡವೇ ಬೇಡ. ಎಳೆಗಳು ಬಿಟ್ಟುಕೊಂಡು ಒಳಗೆ ಉಳಿಯುತ್ತವೆ. ಎಣ್ಣೆಯ ವಿಷಯವೂ ಅಷ್ಟೇ. ಗನ್ ಆಯಿಲ್ ಒಂದು ಸಣ್ಣ ಬುಡ್ಡಿ ವರ್ಷಕ್ಕೆ ಸಾಕು. ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ತಕ್ಕಮಟ್ಟಿಗೆ ಆದೀತು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಶೇಂಗಾ ಎಣ್ಣೆ ಕಾಲಾಂತರದಲ್ಲಿ ಅಂಟಾಗುತ್ತದೆ. ಎರಡೂ ಅಡಿಗೆಮನೆಯಲ್ಲೇ ಇರಲಿ. ಸೀಮೆಎಣ್ಣೆ ಹಳೆಯ ಗ್ರೀಸನ್ನು ಬಿಡಿಸುತ್ತದೆ. ಆರಿದ ಮೇಲೆ ರಕ್ಷಣೆ ಕೊಡುವುದಿಲ್ಲ. ಮರಳು ಕಾಗದ, ಇಟ್ಟಿಗೆ ಪುಡಿ, ಉಕ್ಕಿನ ತಂತಿಯ ಬ್ರಷ್ ಇವು ನಳಿಗೆಯ ಶತ್ರುಗಳು. ದೇವರ ಸಾಮಾನು ಬೆಳಗುವ ಹುಣಿಸೆಹಣ್ಣನ್ನು ಕೋವಿಗೂ ಹಚ್ಚುವ ಅಭ್ಯಾಸ ಎಲ್ಲಾದರೂ ಇದ್ದರೆ ಇಂದೇ ಬಿಡಬೇಕು. ಹಿತ್ತಾಳೆಯನ್ನು ಬೆಳಗುವ ಹುಳಿ ಉಕ್ಕನ್ನು ಕೊರೆಯುತ್ತದೆ.

ಈಗ ಕ್ರಮ. ಕೋವಿ ಖಾಲಿಯೆಂದು ನೋಡಿದ್ದಾಯಿತು. ಸಾಧ್ಯವಿರುವ ಕೋವಿಯಲ್ಲೆಲ್ಲ ರಾಡನ್ನು ಹಿಂಬದಿಯಿಂದಲೇ ತೂರಿಸಿ ಬಾಯಿಯ ಕಡೆಗೆ ತಳ್ಳಬೇಕು. ಆಗ ಕೊಳೆ ಯಂತ್ರದ ಕಡೆಗೆ ಬಾರದು, ಅಂಚಿಗೂ ಪೆಟ್ಟಿಲ್ಲ. ಎ.ಕೆ.ಯಂಥ ರೈಫಲಿನಲ್ಲಿ ಬಾಯಿಯಿಂದಲೇ ತೂರಿಸಬೇಕಾಗುತ್ತದೆ. ಅಲ್ಲಿ ರಾಡು ಅಂಚಿಗೆ ತಾಗದಂತೆ ನಡುವಿನ ತೂತಿನ ಬಿರಡೆ ಇಟ್ಟುಕೊಳ್ಳಬೇಕು. ಮೊದಲು ದ್ರವದಲ್ಲಿ ನೆನೆದ ಬಟ್ಟೆಯೊಂದು. ಆಮೇಲೆ ಐದು ಹತ್ತು ನಿಮಿಷ ಬಿಡಿ. ದ್ರವ ತನ್ನ ಕೆಲಸ ಮಾಡಲಿ, ನಾವು ಅಷ್ಟು ಹೊತ್ತು ಚಹಾ ಕುಡಿಯೋಣ. ಆಮೇಲೆ ಬ್ರಷ್ ಎಂಟು ಹತ್ತು ಸಲ. ಪ್ರತಿ ಸಲವೂ ಆಚೆ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು, ನಡುವೆ ತಿರುಗಿಸಿದರೆ ಬ್ರಷ್ಷಿನ ಕೂದಲು ಮುರಿಯುತ್ತದೆ. ಆಮೇಲೆ ಒಣಬಟ್ಟೆ, ಒಂದಾದ ಮೇಲೊಂದು, ಸಾಕಷ್ಟು ಬಿಳಿಯಾಗಿ ಬರುವ ತನಕ. ತೋಟಾ ಕೂರುವ ಮನೆಯನ್ನು ಬೇರೆಯಾಗಿ ಒರೆಸಬೇಕು, ಮರೆಯುವುದು ಅದನ್ನೇ. ಕೊನೆಗೆ ಎಣ್ಣೆ ತಾಗಿಸಿದ ಬಟ್ಟೆಯೊಂದು. ಎಣ್ಣೆ ಪೊರೆಯಷ್ಟಿರಬೇಕು, ತೊಟ್ಟಿಕ್ಕಬಾರದು. ಮುಂದೆ ಗುಂಡು ಹೊಡೆಯುವ ಮುನ್ನ ಈ ಎಣ್ಣೆಯನ್ನೂ ಒಣಬಟ್ಟೆಯಿಂದ ತೆಗೆಯಬೇಕು.

ಎಷ್ಟು ದಿನಕ್ಕೊಮ್ಮೆ? ಇಲ್ಲಿ ಬಲ್ಲವರಲ್ಲೇ ಜಗಳವಿದೆ. ಪ್ರತಿ ಗುಂಡಿಗೂ ಒರೆಸಬೇಕೆನ್ನುವವರಿದ್ದಾರೆ, ಗುರಿ ತಪ್ಪುವ ತನಕ ಮುಟ್ಟಬೇಡಿ ಎನ್ನುವವರಿದ್ದಾರೆ. ಕೊಳೆಯ ಜಾತಿ ನೋಡಿದರೆ ಜಗಳ ತೀರುತ್ತದೆ. ಕರಿಮದ್ದು, ಉಪ್ಪಿನ ಕೇಪು ಇದ್ದರೆ ಅದೇ ದಿನ, ನಾಳೆಗೆ ಇಡುವಂತಿಲ್ಲ. ಮಕ್ಕಳ ಪಾಯಿಂಟ್ ಟೂ ಟೂ ರೈಫಲಿನಲ್ಲಿ ಮೆದು ಸೀಸದ ಗುಂಡು, ಸೌಮ್ಯವಾದ ಮದ್ದು. ಅದಕ್ಕೆ ಒಂದೆರಡು ಬಟ್ಟೆ ಎಳೆದರೆ ಸಾಕು, ದಿನಾ ಬ್ರಷ್ ಹಾಕಿದರೆ ನಷ್ಟವೇ ಹೆಚ್ಚು. ಕಾವಲುಗಾರನ ಹನ್ನೆರಡು ಬೋರು ವರ್ಷಗಟ್ಟಲೆ ಗುಂಡು ಹೊಡೆಯದೆ ಇರಬಹುದು. ಅದರ ಶತ್ರು ಮಸಿಯಲ್ಲ, ಕೈಯ ಬೆವರು ಮತ್ತು ಮಳೆ. ಅದಕ್ಕೆ ವಾರಕ್ಕೊಮ್ಮೆ ಹೊರಮೈ ಒರೆಸುವುದು, ತಿಂಗಳಿಗೊಮ್ಮೆ ಒಳಗೆ ಬೆಳಕು ಬಿಟ್ಟು ನೋಡಿ ಎಣ್ಣೆಯ ಪೊರೆ ಹೊಸದು ಮಾಡುವುದು, ಮಳೆಯಲ್ಲಿ ನೆನೆದ ದಿನ ಮನೆಗೆ ಹೋಗುವ ಮೊದಲೇ ಒಣಗಿಸುವುದು, ಇಷ್ಟು ಸಾಕು.

ಬಟ್ಟೆ ನಡುವೆ ಸಿಕ್ಕಿಕೊಂಡರೆ? ದೊಡ್ಡ ಬಟ್ಟೆಯನ್ನು ಬಲವಂತದಿಂದ ತುರುಕಿದರೆ ಹೀಗಾಗುತ್ತದೆ. ಗುಂಡು ಹೊಡೆದು ಬಟ್ಟೆಯನ್ನು ಹಾರಿಸೋಣ ಎಂಬ ಯೋಚನೆ ಯಾರ ತಲೆಗೂ ಬರಬಾರದು. ಗುಂಡಿನ ಹಾದಿಗೆ ಅಡ್ಡ ನಿಂತದ್ದು ಬಟ್ಟೆಯಾಗಲಿ, ಕೆಸರಾಗಲಿ, ಕಣಜದ ಹುಳು ಕಟ್ಟಿದ ಮಣ್ಣಿನ ಗೂಡಾಗಲಿ, ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಸಿಡಿದರೆ ಹಿಡಿದವನ ಕೈ, ಕಣ್ಣು ಹೋಗುತ್ತದೆ. ಎಣ್ಣೆ ಬಿಟ್ಟು ನೆನೆಸಿ, ಎದುರು ದಿಕ್ಕಿನಿಂದ ರಾಡು ಹಾಕಿ ಮೆಲ್ಲನೆ ತಳ್ಳಬೇಕು. ಬಾರದಿದ್ದರೆ ರಿಪೇರಿಯವರಲ್ಲಿಗೆ.

ಇಡುವ ಜಾಗದ ಬಗ್ಗೆ ಎರಡು ಮಾತು. ಚರ್ಮದ ಚೀಲ ಕೋವಿಯನ್ನು ಒಯ್ಯಲು ಒಳ್ಳೆಯದು, ಇಡಲು ಅಲ್ಲ. ಅದು ತೇವವನ್ನು ಹಿಡಿದಿಡುತ್ತದೆ. ಒಣಗಿದ, ಬೀಗವಿರುವ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ. ತೋಟಾ ಬೇರೆ ಬೀಗದಲ್ಲಿರಲಿ. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕಾಗಿ ಬರುವುದು ಊರಿನವರಿಗೆ ಗೊತ್ತು. ಒಮ್ಮೆ ಕೊಟ್ಟರೆ ವಾರಗಟ್ಟಲೆ ಅದನ್ನು ಮುಟ್ಟುವವರಿಲ್ಲ. ಕೊಡುವ ಹಿಂದಿನ ದಿನವೇ ಒಳಹೊರಗು ಒರೆಸಿ, ಎಂದಿಗಿಂತ ಸ್ವಲ್ಪ ದಪ್ಪನೆಯ ಎಣ್ಣೆ ಸವರಿ ಕೊಡಿ. ತಂದ ದಿನ ಮೊದಲು ಒಳಗೆ ಬೆಳಕು ಬಿಟ್ಟು ನೋಡಿ.

ಕೊಡಗಿನ ಬಂಧುಗಳಿಗೆ ಕೋವಿಯ ಗೌರವವನ್ನು ನಾವು ಕಲಿಸಬೇಕಾಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷ, ಅಂದರೆ 2029ರ ತನಕ, ಮುಂದುವರಿಸಿದೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಅವರು ಕೋವಿಯನ್ನು ಒರೆಸಿ, ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವೂ ಉಂಟು. ನಾವು ಆಯುಧಪೂಜೆಯಲ್ಲಿ ಅರಿಸಿನ ಕುಂಕುಮ ಹಚ್ಚುತ್ತೇವೆ. ಇಬ್ಬರಿಗೂ ಒಂದೇ ವಿನಂತಿ: ನಳಿಗೆಯ ಬಾಯಿಗೆ ಇಟ್ಟ ಹೂವನ್ನು ಗುಂಡು ಹೊಡೆಯುವ ಮುನ್ನ ತೆಗೆದು ಒಳಗೆ ಬೆಳಕು ನೋಡಿ, ಒದ್ದೆ ಕುಂಕುಮವನ್ನು ಅಂದು ಸಂಜೆಯೇ ಒರೆಸಿ ಎಣ್ಣೆ ಸವರಿ. ಪೂಜೆ ಮುಗಿದ ಮೇಲಿನ ಈ ಅರ್ಧ ಗಂಟೆಯ ಕೆಲಸವೂ ಪೂಜೆಯೇ.

ಕಾರಕೂನರಾದ ನಾವು ಒಂದು ಪುಸ್ತಕದ ಮಾತಿಲ್ಲದೆ ಮುಗಿಸಲಾರೆವು. ಎರಡು ರೂಲಿನ ಸಣ್ಣ ನೋಟುಪುಸ್ತಕವೊಂದನ್ನು ಕೋವಿಯ ಕಪಾಟಿನಲ್ಲಿಡಿ. ತಾರೀಖು, ಹೊಡೆದ ತೋಟಾ ಎಷ್ಟು, ಯಾವುದು, ಒರೆಸಿದ್ದು ಯಾವಾಗ, ಒಳಗೆ ಕಂಡದ್ದೇನು, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ. ತುಕ್ಕಿನ ಮೊದಲ ಚುಕ್ಕೆ ಯಾವಾಗ ಬಂತೆಂದು ಆ ಪುಸ್ತಕ ಹೇಳುತ್ತದೆ. ಕಾವಲಿನವರು ಕೆಲಸದ ಬಂದೂಕನ್ನು ಪಾಳಿಯಲ್ಲಿ ಇನ್ನೊಬ್ಬರಿಗೆ ಒಪ್ಪಿಸುವಾಗಲೂ ಅದೇ ಸಾಲು ಬರೆದು ಸಹಿ ಹಾಕಿಸಿಕೊಳ್ಳಲಿ. ನಾಳೆ ಯಾರಾದರೂ ತುಕ್ಕಿನ ಹೊಣೆಯನ್ನು ಬಡವನ ತಲೆಗೆ ಕಟ್ಟಲು ಬಂದರೆ ಆ ಸಹಿಯೇ ಸಾಕ್ಷಿ.

ಒಂದು ರಾಡು, ಒಂದು ಜ್ಯಾಗ್, ಒಂದು ಬ್ರಷ್, ಹಳೆಯ ಬನಿಯನ್, ಒಂದು ಬುಡ್ಡಿ ದ್ರವ, ಒಂದು ಬುಡ್ಡಿ ಎಣ್ಣೆ, ಒಂದು ಬ್ಯಾಟರಿ ದೀಪ. ಇಷ್ಟೇ ಸಾಮಾನು. ಈ ಪಟ್ಟಿಯನ್ನೂ ಕ್ರಮವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ವಾಚನಾಲಯದ ಫಲಕಕ್ಕೆ ಹಚ್ಚಿದ್ದೇವೆ, ಬೇಕಾದವರು ಬರೆದುಕೊಳ್ಳಬಹುದು. ಸಭೆಯಲ್ಲಿ ಸೈನ್ಯದಲ್ಲಿದ್ದು ಬಂದ ಹಿರಿಯರಿದ್ದಾರೆ. ನಾವು ಬಿಟ್ಟದ್ದನ್ನು ಅವರು ತುಂಬಿಕೊಡಬೇಕೆಂದು ಬೇಡಿಕೊಂಡು, ಪ್ರಶ್ನೆಗಳಿಗೆ ಎಡೆ ಮಾಡಿಕೊಡುತ್ತೇವೆ.